ಕಡಲಿಗೆ ಕಬ್ಬಿಣದ ಗೊಬ್ಬರ

ಗದ್ದೆಗೆ ಗೊಬ್ಬರವನ್ನು ಹಾಕಿದರೆ ಪೈರು ಹುಲುಸಾಗುವುದೆಂಬುದನ್ನು ಒಕ್ಕಲಿಗನಿಗೆ ಯಾರೂ ಕಲಿಸಬೇಕಾದುದಿಲ್ಲ. ಹುಲುಸಾಗಿ ಬೆಳೆದುದೆಲ್ಲವೂ ಕಣಜವನ್ನು ಸೇರುವುದಿಲ್ಲವೆಂಬುದೂ ಅವನಿಗೆ ಚೆನ್ನಾಗಿ ತಿಳಿದಿದೆ. ಹಕ್ಕಿ ತಿಂದುದೆಷ್ಟು, ಜೊಳ್ಳು ಹೋದುದೆಷ್ಟು, ಇಲಿ ಹೆಗ್ಗಣಗಳ ಪಾಲೆಷ್ಟು ಎಂಬುದನ್ನು ಕಳೆಯದೆ ಅವನು ಸುಗ್ಗಿಯ ಮಾತನ್ನಾಡುವುದಿಲ್ಲ. ಈ ಎರಡು ತಿಳಿವಳಿಕೆಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿದು ಎರಡನೆಯದನ್ನು ಕೈಬಿಟ್ಟ ವಾದವೊಂದು ಮೂವತ್ತು ವರ್ಷಗಳಿಗೂ ಮಿಕ್ಕು ಲೋಕದಲ್ಲಿ ಸಂಚರಿಸುತ್ತಿದೆ. ದಕ್ಷಿಣಧ್ರುವವನ್ನು ಸುತ್ತುವರಿದಿರುವ ಮಹಾಸಾಗರದಲ್ಲಿ ಕಬ್ಬಿಣದ ಅಂಶ ಕಡಮೆ; ಹಡಗುಗಳಲ್ಲಿ ಅನ್ನಭೇದಿಯನ್ನು ಹೇರಿಕೊಂಡು ಹೋಗಿ ಅಲ್ಲಿ ಸುರಿದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಬೆಳೆದು ವಾಯುಮಂಡಲದ ಇಂಗಾಲಾಮ್ಲವನ್ನು ಹೀರುವುವು, ಸತ್ತು ಮುಳುಗುವಾಗ ಆ ಇಂಗಾಲವನ್ನು ತಮ್ಮೊಡನೆ ಕಡಲಡಿಗೆ ಒಯ್ಯುವುವು; ಮನುಷ್ಯನು ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿ ಮಾಡಿದ ಪಾಪಕ್ಕೆ ಸುಲಭವಾದ ಪ್ರಾಯಶ್ಚಿತ್ತವು ಹೀಗೆ ದೊರೆಯುವುದು, ಎಂಬುದೇ ಆ ವಾದ. ಇದಕ್ಕೆ ಪ್ರಕೃತಿಯೇ ಸಾಕ್ಷಿಯೆಂದು ವಾದಿಗಳು ಹೇಳುವರು. ದಕ್ಷಿಣದ ಕೆಲವು ದ್ವೀಪಗಳ ಸುತ್ತ ಕಬ್ಬಿಣವು ತಾನಾಗಿಯೇ ನೀರಿಗೆ ಸೇರುತ್ತಿದೆ, ಅಲ್ಲಿ ಕಡಲು ಹಸುರಾಗಿದೆ, ಇಂಗಾಲವು ಆಳಕ್ಕೆ ಇಳಿಯುತ್ತಿದೆ, ಇನ್ನೇನು ಬೇಕು ಎಂದು ಕೇಳುವರು. ಸಾಕ್ಷಿಯನ್ನು ಕರೆದವರು ಅದರ ಹೇಳಿಕೆಯನ್ನು ಕೊನೆಯವರೆಗೆ ಕೇಳಿದ್ದರೆ ಇಷ್ಟು ಉತ್ಸಾಹದಿಂದ ಮಾತನಾಡುತ್ತಿರಲಿಲ್ಲ.

ಮೊದಲು ಈ ವಾದದಲ್ಲಿ ಸತ್ಯವಾದ ಅಂಶವೆಷ್ಟೆಂಬುದನ್ನು ಒಪ್ಪಿಕೊಳ್ಳುವುದು ನ್ಯಾಯ. ದಕ್ಷಿಣ ಮಹಾಸಾಗರದ ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಮುಂತಾದ ಪೋಷಕದ್ರವ್ಯಗಳು ವರ್ಷವಿಡೀ ಸಮೃದ್ಧವಾಗಿದ್ದರೂ ಸಸ್ಯಪ್ಲವಕಗಳು ವಿರಳವಾಗಿರುವುದೇಕೆಂಬುದು ಬಹುಕಾಲದ ಒಗಟಾಗಿತ್ತು. ಕಬ್ಬಿಣದ ಕೊರತೆಯೇ ಕಾರಣವಿರಬಹುದೆಂದು ೧೯೩೦ರ ದಶಕದಲ್ಲಿಯೇ ನಾರ್ವೆಯ ಗ್ರಾನ್ ಎಂಬವರೂ ಇಂಗ್ಲೆಂಡಿನ ಹಾರ್ಟ್ ಎಂಬವರೂ ಊಹಿಸಿದ್ದರು. ಆದರೆ ಹಡಗೇ ಕಬ್ಬಿಣದ್ದು, ಸರಪಳಿಯೂ ಕಬ್ಬಿಣದ್ದು. ಅದರಲ್ಲಿ ಎತ್ತಿದ ನೀರಿನ ಕಬ್ಬಿಣವನ್ನು ಅಳೆಯುವುದೆಂದರೆ ಮಸಿಯ ಕೈಯಿಂದ ಬಟ್ಟೆಯ ಬಿಳುಪನ್ನು ಪರೀಕ್ಷಿಸಿದಂತೆ. ಕ್ಯಾಲಿಫೋರ್ನಿಯದ ಜಾನ್ ಮಾರ್ಟಿನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ೧೯೮೦ರ ದಶಕದಲ್ಲಿ ಅತ್ಯಂತ ಶುದ್ಧವಾದ ಉಪಕರಣಗಳಿಂದ ಈ ತೊಡಕನ್ನು ಬಿಡಿಸಿದರು. ಆಗ ತಿಳಿದುಬಂದ ಪ್ರಮಾಣವು ಬೆರಗುಗೊಳಿಸುವಂಥದು. ಲೀಟರೊಂದಕ್ಕೆ ಒಂದು ನ್ಯಾನೋಮೋಲಿನ ಹತ್ತನೆಯ ಒಂದು ಪಾಲು ಕಬ್ಬಿಣವಿರುವ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಒಂದು ಕಿಲೋಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಕಡಲಿನಲ್ಲಿ ಇರುವ ಕಬ್ಬಿಣವೆಲ್ಲ ಸೇರಿ ಆರು ಕಿಲೋಗ್ರಾಮಿಗೂ ಕಡಮೆ. ನಮ್ಮ ಕಡೆಯ ಒಂದು ನೇಗಿಲಿಗೆ ಅದು ಸಾಲದಾಗಬಹುದು.

ಅರ್ಧ ಹಡಗಿನಷ್ಟು ಕಬ್ಬಿಣವನ್ನು ಕೊಟ್ಟರೆ ಒಂದು ಹಿಮಯುಗವನ್ನೇ ತಂದುಕೊಡುವೆನೆಂದು ೧೯೮೮ರಲ್ಲಿ ಮಾರ್ಟಿನ್ ಅವರು ವಿದ್ವಾಂಸರ ಸಭೆಯಲ್ಲಿ ಆಡಿದ ಮಾತು ಅರೆ ವಿನೋದದ್ದು. ಹಿಮಯುಗಗಳಲ್ಲಿ ಗಾಳಿಯ ಧೂಳು ಹೆಚ್ಚಾಗಿ ಬಿದ್ದಾಗ ವಾಯುಮಂಡಲದ ಇಂಗಾಲಾಮ್ಲವು ಕಡಮೆಯಾಗಿದ್ದುದನ್ನು ಅಂಟಾರ್ಕ್ಟಿಕದ ಹಳೆಯ ಹಿಮದಿಂದ ತಿಳಿದು ಅವರು ಆ ಮಾತನ್ನಾಡಿದರು. ೧೯೯೩ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಗಲಾಪಗೋಸ್ ದ್ವೀಪಗಳ ಬಳಿ ನಡೆದ ಮೊದಲ ಪ್ರಯೋಗವನ್ನು ನೋಡಲು ಅವರು ಉಳಿದಿರಲಿಲ್ಲ. ವಿನೋದವನ್ನು ವಿಧಿವಾಕ್ಯವೆಂದು ಹಿಡಿದುಕೊಂಡವರು ಅವರ ಹಿಂದೆ ಬಂದವರು. ಅನಂತರ ೨೦೦೯ರವರೆಗೆ ಬೇರೆ ಬೇರೆ ಸಮುದ್ರಗಳಲ್ಲಿ ಇಂಥ ಹನ್ನೆರಡು ಹದಿಮೂರು ಪ್ರಯೋಗಗಳು ನಡೆದವು. ಕಬ್ಬಿಣವನ್ನು ಹಾಕಿದರೆ ಸಸ್ಯಪ್ಲವಕ ಬೆಳೆಯುವುದೆಂಬುದು ಅವುಗಳಿಂದ ನಿಸ್ಸಂದೇಹವಾಗಿ ಸಿದ್ಧವಾಯಿತು. ಇಷ್ಟರ ಮಟ್ಟಿಗೆ ವಾದಿಗಳ ಪಕ್ಷ ಗೆದ್ದಿದೆ. ಆದರೆ ಬೆಳೆಯಿತೆಂಬುದು ಒಂದು ಮಾತು, ಮುಳುಗಿತೆಂಬುದು ಇನ್ನೊಂದು. ೧೯೯೯ರಲ್ಲಿ ದಕ್ಷಿಣ ಮಹಾಸಾಗರದಲ್ಲಿ ನಡೆದ ಮೊದಲ ಪ್ರಯೋಗದ ಹಸುರು ನಲವತ್ತು ದಿನಗಳ ಮೇಲೆಯೂ ಉಪಗ್ರಹಕ್ಕೆ ಕಾಣಿಸುತ್ತಿತ್ತು. ಆದರೆ ಹಡಗು ಅಲ್ಲಿದ್ದ ಹದಿಮೂರು ದಿನಗಳಲ್ಲಿ ಆಳಕ್ಕೆ ಇಳಿಯುವ ಇಂಗಾಲವು ಹೆಚ್ಚಿದುದು ಕಂಡುಬರಲಿಲ್ಲ.

ಇನ್ನು ಪ್ರಕೃತಿಯ ಸಾಕ್ಷಿಗೆ ಬರಬಹುದು. ಹಿಂದೂ ಮಹಾಸಾಗರದ ದಕ್ಷಿಣದ ಅಂಚಿನಲ್ಲಿ, ಸುಮಾರು ೪೯ ಅಕ್ಷಾಂಶದ ಬಳಿ, ಕೆರ್ಗೆಲೆನ್ ಎಂಬ ದ್ವೀಪವಿದೆ. ಫ್ರಾನ್ಸಿನ ನಾವಿಕನೊಬ್ಬನು ೧೭೭೨ರಲ್ಲಿ ಕಂಡು ತನ್ನ ದೊರೆಗೆ ಸಮೃದ್ಧವಾದ ನಾಡೆಂದು ವರ್ಣಿಸಿದ ಈ ದ್ವೀಪವು ಮರವಿಲ್ಲದ, ಬಿರುಗಾಳಿ ನಿಲ್ಲದ ಬಂಜರು. (ದಕ್ಷಿಣ ಸಮುದ್ರದ ವಿಷಯದಲ್ಲಿ ಅತ್ಯುಕ್ತಿಯ ಸಂಪ್ರದಾಯವು ಹೊಸದಲ್ಲವೆಂಬುದಕ್ಕೆ ಇದೊಂದು ನಿದರ್ಶನ.) ದ್ವೀಪವು ಬಂಜರಾದರೂ ಅದರ ಸುತ್ತಣ ನೀರು ಬಂಜರಲ್ಲ. ಅಲ್ಲಿ ಕಡಲಿನ ತಳವು ಪ್ರಸ್ಥಭೂಮಿಯಾಗಿ ಎದ್ದು, ಎಷ್ಟೋ ಕಡೆ ನೀರಿನ ಆಳವು ಸುಮಾರು ಐನೂರು ಮೀಟರು ಮಾತ್ರವಿದೆ. ತಳದ ಕೆಸರಿನಿಂದ ಬಿಟ್ಟ ಕಬ್ಬಿಣವು ಒಳ ಅಲೆಗಳ ಕಡೆತದಿಂದಲೂ ಚಳಿಗಾಲದ ಕಲಕುವಿಕೆಯಿಂದಲೂ ಮೆಲ್ಲಮೆಲ್ಲನೆ ಮೇಲಕ್ಕೆ ಬರುವುದು. ದಕ್ಷಿಣಾರ್ಧದ ವಸಂತ ಬಂದು ಬಿಸಿಲೇರಿದೊಡನೆ ನೂರಾರು ಕಿಲೋಮೀಟರುಗಳವರೆಗೆ ನೀರು ಹಸುರಾಗುವುದು. ಫ್ರೆಂಚ್ ವಿಜ್ಞಾನಿ ಸ್ತೆಫಾನ್ ಬ್ಲಾಂ ಮುಂತಾದವರು ೨೦೦೫ರಲ್ಲಿ ಇಲ್ಲಿಗೆ ಹೋಗಿ, ೨೦೦೭ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಒಳಬಂದ ಕಬ್ಬಿಣಕ್ಕೂ ಕೆಳಗಿಳಿದ ಇಂಗಾಲಕ್ಕೂ ಇರುವ ಅನುಪಾತವು ಹಿಂದಿನ ಅಂದಾಜುಗಳಿಗಿಂತ ಕಡಮೆಯೆಂದರೂ ಹತ್ತು ಮಡಿ ಹೆಚ್ಚೆಂಬುದು ಅವರ ನಿರ್ಣಯ. ಕಬ್ಬಿಣದ ವ್ಯಾಪಾರಿಗಳು ನೆಚ್ಚಿಕೊಂಡಿರುವುದು ಈ ಹತ್ತು ಮಡಿಯನ್ನೇ.

ಕೆರ್ಗೆಲೆನ್ನಿನ ಪಶ್ಚಿಮಕ್ಕೆ ಕ್ರೋಜೆ ಎಂಬ ಸಣ್ಣ ದ್ವೀಪಸಮೂಹವಿದೆ. ಅಲ್ಲಿ ಪ್ರಕೃತಿಯು ಪರೀಕ್ಷಕನ ಕೆಲಸವನ್ನೂ ತಾನೇ ಮಾಡಿಟ್ಟಿದೆ. ದ್ವೀಪಗಳ ದಕ್ಷಿಣಕ್ಕೆ ನೀರು ಬೋಳು; ಉತ್ತರಕ್ಕೆ, ಪ್ರವಾಹವು ದ್ವೀಪಗಳನ್ನು ಹಾಯ್ದು ನಿಧಾನವಾಗಿ ಸುಳಿಯುವ ಎಡೆಯಲ್ಲಿ, ಚಳಿಗಾಲವೆಲ್ಲ ಕೂಡಿಬಂದ ಕಬ್ಬಿಣದಿಂದ ನೀರು ಹಸುರು. ೨೦೦೪ರ ಕೊನೆಯಿಂದ ೨೦೦೫ರ ಆರಂಭದವರೆಗೆ ಇಂಗ್ಲಿಷ್ ವಿಜ್ಞಾನಿಗಳು ಎರಡು ಕಡೆಗಳನ್ನೂ ಪರೀಕ್ಷಿಸಿದರು. ಮೂರು ಸಾವಿರ ಮೀಟರು ಆಳದಲ್ಲಿ ಇಟ್ಟ ಆಲಿಕೆಯಂಥ ಬೋನುಗಳಲ್ಲಿ ಬಿದ್ದ ಇಂಗಾಲವು ಬೋಳು ಮಗ್ಗುಲಿಗಿಂತ ಹಸುರು ಮಗ್ಗುಲಲ್ಲಿ ಎರಡು ಮೂರು ಮಡಿ ಹೆಚ್ಚಾಗಿತ್ತು. ಸ್ವಾಭಾವಿಕವಾಗಿ ಬಂದ ಕಬ್ಬಿಣವು ಇಂಗಾಲವನ್ನು ನಿಜವಾಗಿಯೂ ಕಡಲಾಳಕ್ಕೆ ಒಯ್ಯುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣವು ಬೇಡ. ಆದರೆ ೨೦೦೯ರಲ್ಲಿ ಪೊಲಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಬರೆದ ಪ್ರಬಂಧದ ಮುಂದಿನ ವಾಕ್ಯವನ್ನು ವ್ಯಾಪಾರಿಗಳು ಎಂದೂ ಉದ್ಧರಿಸುವುದಿಲ್ಲ. ಇಷ್ಟು ಕಬ್ಬಿಣಕ್ಕೆ ಇಷ್ಟು ಇಂಗಾಲವೆಂಬ ಅನುಪಾತವು ಕ್ರೋಜೆಯಲ್ಲಿ ಕೃತಕ ಪ್ರಯೋಗವೊಂದಕ್ಕಿಂತ ೧೮ ಮಡಿ ಹೆಚ್ಚು, ಕೆರ್ಗೆಲೆನ್ನಿಗಿಂತ ೭೭ ಮಡಿ ಕಡಮೆ. ವಾಚಕರು ಗುಣಿಸಿ ನೋಡಬಹುದು: ಮನುಷ್ಯನು ಸುರಿದ ಕಬ್ಬಿಣಕ್ಕೂ ಕೆರ್ಗೆಲೆನ್ನಿನಲ್ಲಿ ತಾನೇ ಬಂದ ಕಬ್ಬಿಣಕ್ಕೂ ಲೆಕ್ಕದಲ್ಲಿ ಸಾವಿರದ ಮುನ್ನೂರು ಮಡಿಗೂ ಮಿಕ್ಕ ಅಂತರ. ಒಂದೇ ಮಹಾಸಾಗರದ, ನೆರೆಹೊರೆಯ ಎರಡು ದ್ವೀಪಗಳ ಲೆಕ್ಕವೇ ಇಷ್ಟು ಬೇರೆಯಾಗಿರುವಾಗ, ಟನ್ನು ಕಬ್ಬಿಣಕ್ಕೆ ಇಷ್ಟು ಟನ್ನು ಇಂಗಾಲವೆಂದು ಬೆಲೆಪಟ್ಟಿಯನ್ನು ಬರೆಯುವುದು ಯಾವ ಧೈರ್ಯದಿಂದ? ಅಳತೆಯಲ್ಲಿ ದೋಷವಿರಬಹುದು, ಪಕ್ಕದಿಂದ ಹರಿದುಬಂದ ಕಬ್ಬಿಣವು ಲೆಕ್ಕಕ್ಕೆ ಸಿಕ್ಕದೆ ಹೋಗಿರಬಹುದೆಂದು ಆ ವಿಜ್ಞಾನಿಗಳೇ ಹೇಳಿದ್ದಾರೆ. ಅಳೆದವರಿಗಿರುವ ಈ ಸಂಕೋಚವು ಅಳೆಯದವರಿಗೆ ಇಲ್ಲದಿರುವುದೇ ಆಶ್ಚರ್ಯ.

ಈ ಅಂತರಕ್ಕೆ ಕಾರಣಗಳು ಗುಪ್ತವಾದುವಲ್ಲ. ಹಡಗಿನಿಂದ ಸುರಿದ ಅನ್ನಭೇದಿಯು ಆಮ್ಲಜನಕವುಳ್ಳ ಉಪ್ಪುನೀರನ್ನು ಸೇರಿದೊಡನೆ ತುಕ್ಕಾಗತೊಡಗುವುದು. ಅದರ ಬಹುಪಾಲು ಯಾವ ಸಸ್ಯಕ್ಕೂ ದಕ್ಕದೆ ಕಣಗಳಿಗೆ ಅಂಟಿ ಮುಳುಗಿಹೋಗುವುದು. ಕೆಳಗಿನಿಂದ ಬರುವ ಕಬ್ಬಿಣವು ಹಾಗಲ್ಲ. ಅದು ದಿನದಿನವೂ ಸ್ವಲ್ಪಸ್ವಲ್ಪವಾಗಿ ಬರುವುದು, ಜೈವಿಕ ದ್ರವ್ಯಗಳೊಡನೆ ಕೂಡಿಕೊಂಡು ಬರುವುದು, ಮತ್ತು ಒಂಟಿಯಾಗಿ ಬಾರದೆ ನೈಟ್ರೇಟನ್ನೂ ಸಿಲಿಕವನ್ನೂ ಜೊತೆಗೆ ತರುವುದು. ಹಸಿದವನಿಗೆ ಆರು ತಿಂಗಳು ದಿನವೂ ಒಂದು ತುತ್ತನ್ನಿಡುವುದಕ್ಕೂ ಒಂದೇ ದಿನ ಆರು ತಿಂಗಳ ಅನ್ನವನ್ನು ಮುಂದೆ ಸುರಿಯುವುದಕ್ಕೂ ಎಷ್ಟು ಭೇದವೋ ಇಲ್ಲಿಯೂ ಅಷ್ಟು.

ಇದಲ್ಲದೆ, ಬೆಳೆಯುವ ಸಸ್ಯ ಯಾವುದೆಂಬುದರ ಮೇಲೆ ಎಲ್ಲವೂ ನಿಂತಿದೆ. ಡಯಾಟಂ ಎಂಬ, ಗಾಜಿನಂಥ ಕವಚವುಳ್ಳ ಸೂಕ್ಷ್ಮ ಸಸ್ಯಗಳಲ್ಲಿಯೇ ನಾನಾ ಜಾತಿಗಳುಂಟು. ಕೆಲವು ದಪ್ಪ ಕವಚವನ್ನು ಹೊತ್ತು ಮುಳುಗುವುವು. ಆದರೆ ಒಳಗಿನ ಇಂಗಾಲವು ದಾರಿಯಲ್ಲಿಯೇ ತಿನ್ನಲ್ಪಟ್ಟು ಬರಿಯ ಚಿಪ್ಪು ತಳವನ್ನು ಸೇರುವುದು. ಬೇರೆ ಕೆಲವು, ಕಾಲ ಕೆಟ್ಟಾಗ, ಬೀಜದಂತೆ ಗಟ್ಟಿಯಾದ ಸುಪ್ತಕಣಗಳಾಗಿ, ಇಂಗಾಲವನ್ನು ಒಳಗೆ ತುಂಬಿಕೊಂಡು ಬೇಗ ಇಳಿಯುವುವು. ಕೆರ್ಗೆಲೆನ್ನಿನ ಪ್ರಸ್ಥಭೂಮಿಯ ಮೇಲೆ ೨೦೧೧ ಮತ್ತು ೨೦೧೨ರ ನಡುವೆ ಒಂದು ವರ್ಷ ಇಟ್ಟ ಬೋನಿನಲ್ಲಿ ಬಿದ್ದ ಇಂಗಾಲದ ಅರ್ಧಕ್ಕಿಂತ ಹೆಚ್ಚಿನ ಪಾಲು ಈ ಸುಪ್ತಕಣಗಳಿಂದಲೇ ಬಂದಿತ್ತು. ಮೇಲೆ ಕಡಲೆಲ್ಲ ಹಸುರಾಗಿದ್ದ ಅಷ್ಟು ದೀರ್ಘಕಾಲದಲ್ಲಿ ಕೆಳಗಿಳಿದುದು ಅಲ್ಪ. ಹೆಚ್ಚಿನದು ಎರಡು ವಾರಕ್ಕೂ ಮೀರದ ಒಂದೆರಡು ಸಲದ ಸುರಿತದಲ್ಲಿ ಕೂಡಿಬಿದ್ದಿತ್ತು. ಉಪಗ್ರಹದ ಚಿತ್ರದಲ್ಲಿ ಕಾಣುವ ಹಸುರನ್ನು ತೋರಿಸಿ ಇಂಗಾಲದ ಲೆಕ್ಕವನ್ನು ಹೇಳುವವರು ಈ ಬೋನಿನ ವೃತ್ತಾಂತಕ್ಕೆ ಏನೆನ್ನುವರು?

ಲೆಕ್ಕದ ಇನ್ನೊಂದು ಖರ್ಚಿನ ಬಾಬನ್ನೂ ಹೇಳಬೇಕು. ಹಸುರು ಹೆಚ್ಚಿದಲ್ಲಿ ಅದನ್ನು ತಿನ್ನುವ, ಸುಣ್ಣದ ಚಿಪ್ಪುಳ್ಳ ಸಣ್ಣ ಜೀವಿಗಳೂ ಹೆಚ್ಚುವುವು. ಚಿಪ್ಪಿನ ಸುಣ್ಣವು ನೀರಿನಲ್ಲಿ ಗಟ್ಟಿಯಾಗುವಾಗ ಇಂಗಾಲಾಮ್ಲವು ಬಿಡುಗಡೆಯಾಗುವುದೆಂಬುದು ರಸಾಯನಶಾಸ್ತ್ರದ ಸಾಮಾನ್ಯ ವಿಷಯ. ಕ್ರೋಜೆಯ ಹಸುರು ಭಾಗದಲ್ಲಿ ಆಳಕ್ಕೆ ಒಯ್ದ ಇಂಗಾಲದ ಫಲದಲ್ಲಿ ನೂರಕ್ಕೆ ೬ರಿಂದ ೩೨ರವರೆಗೆ ಈ ಬಗೆಯಾಗಿ ಕಳೆದುಹೋಗುವುದೆಂದು ೨೦೧೪ರಲ್ಲಿ ಸಾಲ್ಟರ್ ಮುಂತಾದವರು ಕಂಡುಹಿಡಿದರು. ಒಂದು ಕೈಯಿಂದ ಕೊಟ್ಟುದನ್ನು ಕಡಲು ಇನ್ನೊಂದು ಕೈಯಿಂದ ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುವುದು.

ಭಾರತದವರಿಗೆ ಈ ವಿಷಯವು ತೀರ ಪರದೇಶದ್ದೇನೂ ಅಲ್ಲ. ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೇಗೆನರ್ ಸಂಸ್ಥೆಯೂ ಕೂಡಿ ೨೦೦೯ರಲ್ಲಿ ನಡೆಸಿದ ಪ್ರಯೋಗಕ್ಕೆ ಲೋಹಾಫೆಕ್ಸ್ ಎಂದು ಹೆಸರು. ಹಿಂದಿಯಲ್ಲಿ ಲೋಹಾ ಎಂದರೆ ಕಬ್ಬಿಣವೇ. ವಜಿಹ್ ನಕ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್ ಅವರ ನೇತೃತ್ವದಲ್ಲಿ ಪೋಲಾರ್‌ಸ್ಟೆರ್ನ್ ಎಂಬ ಹಡಗು ಜನವರಿಯಲ್ಲಿ ಕೇಪ್‌ಟೌನಿನಿಂದ ಹೊರಟಿತು. ಹೊರಟ ಕೆಲವೇ ದಿನಗಳಲ್ಲಿ ಪರಿಸರವಾದಿಗಳ ಗದ್ದಲವೆದ್ದು, ಜರ್ಮನ್ ಸರಕಾರವು ಪ್ರಯೋಗವನ್ನು ತಡೆಹಿಡಿಯಿತು. ತಿಂಗಳ ಕೊನೆಯಲ್ಲಿ ಮತ್ತೆ ಅಪ್ಪಣೆಯಾಯಿತು. ಗದ್ದಲಕ್ಕೆ ಆಧಾರವಾದುದು ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು ೨೦೦೮ರಲ್ಲಿ ಬಾನ್ ನಗರದಲ್ಲಿ ಮಾಡಿದ ನಿರ್ಣಯ. ತೀರದ ನೀರಿನಲ್ಲಿ ಸಣ್ಣ ಪ್ರಮಾಣದ ಸಂಶೋಧನೆಗೆ ಮಾತ್ರ ಅವಕಾಶವೆಂದು ಅದರಲ್ಲಿತ್ತು. ತೀರದ ನೀರಿನಲ್ಲಿ ಕಬ್ಬಿಣಕ್ಕೆ ಕೊರತೆಯೇ ಇಲ್ಲ! ನೆರೆ ಬಂದ ಗದ್ದೆಯಲ್ಲಿ ಮಾತ್ರ ನೀರಾವರಿಯ ಪರೀಕ್ಷೆಯನ್ನು ಮಾಡಬಹುದೆಂದು ಕಟ್ಟಳೆ ಮಾಡಿದಂತಾಯಿತು. ವ್ಯಾಪಾರವನ್ನು ತಡೆಯಹೊರಟು ವಿದ್ಯೆಯನ್ನು ತಡೆಯುವವರು ಕಬ್ಬಿಣದ ವ್ಯಾಪಾರಿಗಳಷ್ಟೇ ತಪ್ಪಿತಸ್ಥರು. ಆ ಪ್ರಯೋಗವು ನಡೆಯದೆ ಹೋಗಿದ್ದರೆ ವ್ಯಾಪಾರಿಗಳ ಬಾಯಿಗೆ ಬೀಗ ಹಾಕುವ ಅತ್ಯುತ್ತಮ ಪ್ರಮಾಣವೊಂದು ಲೋಕಕ್ಕೆ ದೊರೆಯುತ್ತಿರಲಿಲ್ಲ.

ಏಕೆಂದರೆ, ೩೦೦ ಚದರ ಕಿಲೋಮೀಟರುಗಳ ಒಂದು ಸುಳಿಯ ನೀರಿಗೆ ಕಬ್ಬಿಣವನ್ನು ಹಾಕಿದ ಮೇಲೆ ಮೊದಲ ಎರಡು ವಾರಗಳಲ್ಲಿ ಸಸ್ಯಪ್ಲವಕವು ಇಮ್ಮಡಿಯಾಯಿತು. ಅಲ್ಲಿಗೆ ಬೆಳವಣಿಗೆ ನಿಂತಿತು. ಹೇನಿನಷ್ಟು ಸಣ್ಣದಾದ ಕೋಪೆಪಾಡ್ ಎಂಬ ಪ್ರಾಣಿಗಳು ಬೆಳೆದುದನ್ನು ಬೆಳೆದಂತೆ ಮೇದವು; ಅವುಗಳನ್ನು ಸೀಗಡಿಯ ಜಾತಿಯ ಬೇರೆ ಪ್ರಾಣಿಗಳು ತಿಂದವು. ಡಯಾಟಂಗಳು ಬೆಳೆಯಲೇ ಇಲ್ಲ. ಕವಚಕ್ಕೆ ಬೇಕಾದ ಸಿಲಿಕವು ಅಲ್ಲಿ ಮೊದಲೇ ತೀರಿಹೋಗಿತ್ತು. ಎರಡನೆಯ ಸಲ ಕಬ್ಬಿಣವನ್ನು ಹಾಕಿದರೂ ಪ್ರಯೋಜನವಾಗಲಿಲ್ಲ. ಆಳಕ್ಕೆ ಬೀಳುವ ಕಣಗಳು ಹೊರಗಿನ ನೀರಿಗಿಂತ ಹೆಚ್ಚಲಿಲ್ಲವೆಂದು ೨೦೧೩ರಲ್ಲಿ ಪ್ರಕಟವಾದ ವರದಿಯು ಹೇಳುತ್ತದೆ.

ಇದಕ್ಕೆ ಪ್ರತಿಯಾಗಿ ವಾದಿಗಳು ೨೦೦೪ರ ಪ್ರಯೋಗವನ್ನು ಮುಂದೊಡ್ಡುವರು. ಅದೇ ಸ್ಮೆಟಾಚೆಕ್ ಅವರು ಅದೇ ಹಡಗಿನಲ್ಲಿ ನಡೆಸಿದ ಆ ಪ್ರಯೋಗದಲ್ಲಿ ಬೆಳೆದ ಸಸ್ಯರಾಶಿಯ ಅರ್ಧಕ್ಕೆ ಕಡಮೆಯಿಲ್ಲದ ಭಾಗವು ಒಂದು ಸಾವಿರ ಮೀಟರಿಗೂ ಕೆಳಗೆ ಇಳಿಯಿತೆಂಬುದು ನಿಜ. ಅದನ್ನು ಮುಚ್ಚಿಡುವುದು ಅನ್ಯಾಯ. ಆದರೆ ಅಲ್ಲಿ ಸಿಲಿಕವು ಹೇರಳವಾಗಿತ್ತು, ಸುಳಿಯು ಬಿಗಿಯಾಗಿ ಮುಚ್ಚಿಕೊಂಡಿತ್ತು, ಡಯಾಟಂಗಳೇ ಪ್ರಬಲವಾಗಿದ್ದುವು. ಒಂದು ಕಡೆ ಫಲಿಸಿ ಇನ್ನೊಂದು ಕಡೆ ಫಲಿಸದೆ ಹೋಗುವ ಔಷಧವನ್ನು ವೈದ್ಯನು ಪರೀಕ್ಷಿಸುತ್ತಿರಬಹುದು, ಅಂಗಡಿಯಲ್ಲಿಟ್ಟು ಮಾರಬಾರದು.

ಎಲ್ಲೆಡೆಯೂ ಫಲಿಸಿತೆಂದೇ ಇಟ್ಟುಕೊಂಡರೆ ಲಾಭವೆಷ್ಟು? ಲೋಕದ ಸಮುದ್ರಗಳಿಗೆಲ್ಲ ನೂರು ವರ್ಷ ಎಡೆಬಿಡದೆ ಕಬ್ಬಿಣವನ್ನು ಹಾಕಿದರೂ ವಾಯುಮಂಡಲದ ಇಂಗಾಲಾಮ್ಲವು ಹತ್ತು ಲಕ್ಷಕ್ಕೆ ೩೩ ಭಾಗದಷ್ಟು ಮಾತ್ರ ಇಳಿಯುವುದೆಂದು ೨೦೦೬ರಲ್ಲಿ ಓಮೋಂ ಮತ್ತು ಬೋಪ್ ಎಂಬ ಫ್ರೆಂಚ್ ವಿಜ್ಞಾನಿಗಳು ಗಣಿಸಿದರು. ಈಚಿನ ವರ್ಷಗಳಲ್ಲಿ ಅದು ವರ್ಷಕ್ಕೆ ಎರಡು ಭಾಗಕ್ಕೂ ಮಿಕ್ಕು ಏರುತ್ತಿದೆ. ಅಂದರೆ ಒಂದು ಶತಮಾನದ ದುಡಿಮೆಯು ಹದಿನೈದು ವರ್ಷಗಳ ಹೊಗೆಗೆ ಸರಿಹೋಗುವುದು.

ನಷ್ಟದ ಮಾತೂ ಉಂಟು. ದಕ್ಷಿಣದಲ್ಲಿ ಬಳಕೆಯಾಗದೆ ಉಳಿದಂತೆ ಕಾಣುವ ನೈಟ್ರೇಟು, ಫಾಸ್ಫೇಟುಗಳು ವ್ಯರ್ಥವಾಗಿ ಬಿದ್ದಿರುವುವೆಂದು ಭಾವಿಸುವುದು ತಪ್ಪು. ಆ ನೀರು ತಣ್ಣಗಾಗಿ ಮುಳುಗಿ, ಒಳಪದರದಲ್ಲಿ ಹರಿದು ಉತ್ತರದ ಸಮುದ್ರಗಳಿಗೆ ಬರುವುದು. ದಕ್ಷಿಣದ ೩೦ ಅಕ್ಷಾಂಶದಿಂದ ಉತ್ತರಕ್ಕಿರುವ ಸಮುದ್ರಗಳ ಸಸ್ಯೋತ್ಪತ್ತಿಯಲ್ಲಿ ಮುಕ್ಕಾಲು ಪಾಲು ಹೀಗೆ ಬಂದ ಪೋಷಣೆಯಿಂದ ನಡೆಯುವುದೆಂದು ಸಾರ್ಮಿಯೆಂಟೋ ಮುಂತಾದವರು ೨೦೦೪ರಲ್ಲಿ ತೋರಿಸಿದರು. ಅರಬ್ಬೀ ಸಮುದ್ರದ ಒಳಪದರಗಳಿಗೂ ದಕ್ಷಿಣದಿಂದ ನೀರು ಬರುತ್ತಲೇ ಇದೆ. ಮಲ್ಪೆ ಕಾರವಾರಗಳ ಬಲೆಗೆ ಬೀಳುವ ಬಂಗುಡೆ ಭೂತಾಯಿಗಳು ಮಳೆಗಾಲದಲ್ಲಿ ಒಳಗಿನಿಂದ ಮೇಲಕ್ಕೆ ಬರುವ ನೀರಿನ ಸಾರವನ್ನೇ ನೆಚ್ಚಿಕೊಂಡಿವೆ. ಮೇಲಿನ ಗದ್ದೆಯವನು ಕಾಲುವೆಯ ಸಾರವನ್ನೆಲ್ಲ ತನ್ನ ಪೈರಿಗೆ ಹೀರಿಕೊಂಡರೆ ಕೆಳಗಿನ ಗದ್ದೆಯವನು ಸುಮ್ಮನಿರುವನೆ? ಕಡಲಿನಲ್ಲಿ ಕೆಳಗಿನ ಗದ್ದೆಯವನಿಗೆ ತನ್ನ ಪಾಲು ಹೋದುದು ತಿಳಿಯುವುದಕ್ಕೆ ಹತ್ತಾರು ವರ್ಷಗಳು ಹಿಡಿಯುವುವು. ತಿಳಿದಾಗ ದೂರು ಕೊಡುವುದಕ್ಕೆ ಯಾವ ಕಚೇರಿಯೂ ಇರುವುದಿಲ್ಲ.

ಪ್ರಕೃತಿಯ ಮೇಲೆ ಇಷ್ಟೊಂದು ಭಕ್ತಿಯುಳ್ಳವರು ಒಂದು ವಿಷಯವನ್ನು ಮಾತ್ರ ಎತ್ತುವುದಿಲ್ಲ. ಕೆಸರು, ಹಿಮನದಿ, ತೇಲುವ ಹಿಮದ ಗುಡ್ಡ, ಗಾಳಿಯ ಧೂಳು ಇವುಗಳಲ್ಲದೆ ದಕ್ಷಿಣ ಮಹಾಸಾಗರಕ್ಕೆ ಮತ್ತೊಂದು ಗೊಬ್ಬರವಿತ್ತು. ಕಬ್ಬಿಣವು ಕೂಡಿಕೊಂಡಿರುವ ಕ್ರಿಲ್ ಎಂಬ ಸಣ್ಣ ಸೀಗಡಿಯಂಥ ಪ್ರಾಣಿಗಳನ್ನು ತಿಂದ ತಿಮಿಂಗಿಲದ ಮಲದಲ್ಲಿ, ಸುತ್ತಣ ನೀರಿಗಿಂತ ಒಂದು ಕೋಟಿ ಮಡಿ ಕಬ್ಬಿಣವಿರುವುದೆಂದು ೨೦೧೦ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಅಳೆದು ಹೇಳಿದರು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣಾರ್ಧಗೋಳವೊಂದರಲ್ಲಿಯೇ ಇಪ್ಪತ್ತು ಲಕ್ಷ ತಿಮಿಂಗಿಲಗಳನ್ನು ಎಣ್ಣೆಗಾಗಿ ಕೊಂದರು. ಕಡಲೇ ಸಾಕಿಕೊಂಡಿದ್ದ ಗೊಬ್ಬರದವರನ್ನು ಕೊಂದು, ಈಗ ಬಾಡಿಗೆಯ ಹಡಗಿನಲ್ಲಿ ಅನ್ನಭೇದಿಯನ್ನು ಒಯ್ಯುವೆವೆಂದು ಹೊರಟಿರುವರು. ತಿಮಿಂಗಿಲಗಳು ಮರಳಿ ಹೆಚ್ಚಿದರೆ ಕಲ್ಲಿದ್ದಲಿನ ಹೊಗೆಯೆಲ್ಲ ಇಂಗಿಹೋಗುವುದೆಂದು ಹೇಳುವವರೂ ಇದ್ದಾರೆ, ಅದೂ ಅತ್ಯುಕ್ತಿಯೇ. ಆದರೆ ಅವುಗಳನ್ನು ಕಾಪಾಡುವುದಕ್ಕೆ ಯಾರೂ ಯಾವ ಪತ್ರವನ್ನೂ ಮಾರಬೇಕಾಗಿಲ್ಲ.

ಈ ವಿವಾದದ ಬೇರು ಇರುವುದು ಆ ಪತ್ರದಲ್ಲಿ. ಕಡಲಿಗೆ ಕಬ್ಬಿಣವನ್ನು ಹಾಕಿದವನಿಗೆ ಇಷ್ಟು ಇಂಗಾಲವನ್ನು ಹುದುಗಿಸಿದನೆಂದು ಕಾರ್ಬನ್ ಕ್ರೆಡಿಟ್ಟಿನ ಪತ್ರ ದೊರೆಯುವುದು. ಆ ಪತ್ರವನ್ನು ಕೊಂಡ ಕಾರ್ಖಾನೆಯವನು ಅಷ್ಟು ಹೊಗೆಯನ್ನು ನಿಶ್ಚಿಂತೆಯಿಂದ ಬಿಡುವನು. ಹೊಗೆ ಬಿಟ್ಟುದು ನಿಶ್ಚಯ, ಹುದುಗಿಸಿದುದು ಅನುಮಾನ. ಇನ್ನೂರು ಮೀಟರು ಇಳಿದ ಇಂಗಾಲವು ಮುಂದಿನ ಚಳಿಗಾಲದಲ್ಲಿಯೇ ನೀರು ಕಲಕಿ ಮೇಲಕ್ಕೆ ಬರಬಹುದು. ಸಾವಿರ ಮೀಟರನ್ನು ದಾಟಿದರೆ ಮಾತ್ರ ನೂರು ವರ್ಷಗಳ ಭರವಸೆ. ೨೦೧೨ರಲ್ಲಿ ಕೆನಡದ ಪಶ್ಚಿಮ ತೀರದಾಚೆ ಸುಮಾರು ನೂರು ಟನ್ನು ಕಬ್ಬಿಣದ ಪುಡಿಯನ್ನು ಸುರಿದವರು ಸಾಲ್ಮನ್ ಮೀನು ಹೆಚ್ಚುವುದೆಂದೂ ಇಂಗಾಲದ ಪತ್ರಗಳು ಮಾರಾಟವಾಗುವುವೆಂದೂ ಆಶಿಸಿದ್ದರು. ಉಪಗ್ರಹದ ಚಿತ್ರದಲ್ಲಿ ಹಸುರು ಕಂಡಿತು. ಸಾವಿರ ಮೀಟರಿನ ಕೆಳಗೆ ಇಂಗಾಲವೆಷ್ಟು ಇಳಿಯಿತೆಂಬುದಕ್ಕೆ ಅವರಲ್ಲಿ ಪ್ರಮಾಣವಿರಲಿಲ್ಲ. ಮರುವರ್ಷ ಲಂಡನ್ ಒಪ್ಪಂದದ ರಾಷ್ಟ್ರಗಳು ಇಂಥ ಸುರಿತವನ್ನು ಅಂಕೆಯಲ್ಲಿಡಲು, ನಿಜವಾದ ಸಂಶೋಧನೆಗೆ ಮಾತ್ರ ಪರೀಕ್ಷಿಸಿ ಅಪ್ಪಣೆ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿದವು. ಆ ಭೇದವೇ ಸರಿಯಾದುದು. ಕಬ್ಬಿಣವನ್ನು ಹಾಕುವವನೇ ಬೋನನ್ನಿಟ್ಟು ಅಳೆಯುವ ಪದ್ಧತಿಯು ಎಲ್ಲಿಯೂ ಇರಕೂಡದು. ಹಡಗಿನ ಒಡೆಯನಿಗೆ ಸಂಬಂಧವಿಲ್ಲದ ವಿಜ್ಞಾನಿಗಳು, ಸುರಿದ ಎಡೆಯಲ್ಲಿಯೂ ಸುರಿಯದ ಎಡೆಯಲ್ಲಿಯೂ, ಕ್ರೋಜೆಯಲ್ಲಿ ಮಾಡಿದಂತೆ ಮೂರು ಸಾವಿರ ಮೀಟರಿನವರೆಗೆ ಅಳೆಯಬೇಕು. ಹದಿಮೂರು ದಿನಗಳಲ್ಲ, ಕೆರ್ಗೆಲೆನ್ನಿನ ಬೋನಿನಂತೆ ವರ್ಷವಿಡೀ ಅಳೆಯಬೇಕು. ಸುಣ್ಣದ ಚಿಪ್ಪಿನಿಂದಾದ ನಷ್ಟವನ್ನು ಕಳೆಯಬೇಕು. ಫಲ ಬಂದರೂ ಬಾರದಿದ್ದರೂ, ಲೋಹಾಫೆಕ್ಸಿನವರು ಮಾಡಿದಂತೆ, ಎಲ್ಲವನ್ನೂ ಪ್ರಕಟಿಸಬೇಕು. ಅಲ್ಲಿಯವರೆಗೆ ಯಾವ ಸರಕಾರವೂ ಒಂದು ಟನ್ನಿನ ಪತ್ರವನ್ನೂ ಮಾನ್ಯಮಾಡಕೂಡದು.